ಕಬ್ಬನ್ ಉದ್ಯಾನದ ಸ್ಮಾರಕಗಳು



ದತ್ತಿಯ ಉಪನ್ಯಾಸಕ್ಕೆ ನನ್ನನ್ನು ಆಹ್ವಾನಿಸಿದ್ದಲ್ಲದೆ, ವಿಷಯವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನೂ ಸಂಸ್ಥೆಯವರು ನನಗೇ ಬಿಟ್ಟುಕೊಟ್ಟರು. ಈ ಎರಡು ಉಪಕಾರಗಳಿಗೂ ನಾನು ಕೃತಜ್ಞನಾಗಿದ್ದೇನೆ. ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ ನಿಂತಿರುವ ಸ್ಮಾರಕಗಳು, ಅವುಗಳಲ್ಲಿಯೂ ವಿಶೇಷವಾಗಿ ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಪ್ರತಿಮೆ ಮತ್ತು ಅವರ ಹೆಸರಿನ ಸ್ಮಾರಕ ಭವನ, ಇಂದಿನ ನನ್ನ ವಿಷಯ. ಮೊದಲು ಈ ಉದ್ಯಾನ ಹುಟ್ಟಿದ ಬಗೆಯನ್ನೂ, ಯಾರ ಹೆಸರಿನಿಂದ ಅದು ಪ್ರಸಿದ್ಧವಾಯಿತೋ ಆತನ ಅಶ್ವಾರೂಢ ಪ್ರತಿಮೆಯನ್ನೂ ಕುರಿತು ಹೇಳುತ್ತೇನೆ. ಅನಂತರ ಅರಸೊತ್ತಿಗೆಯ ಪ್ರತಿಮೆಗಳು. ಅಲ್ಲಿಂದ ಒಂದು ಸಾವಿರ ವರ್ಷ ಹಿಂದಕ್ಕೆ ಸರಿದು ಒಂದು ವೀರಗಲ್ಲು. ಕೊನೆಗೆ ಶೇಷಾದ್ರಿ ಅಯ್ಯರ್ ಅವರ ಸ್ಮಾರಕ. ಶಿಲ್ಪದ ಗುಣದೋಷಗಳ ವಿಮರ್ಶೆ ನನ್ನ ಮುಖ್ಯ ಉದ್ದೇಶವಲ್ಲ. ಒಬ್ಬ ವ್ಯಕ್ತಿಯನ್ನು ಊರು ನೆನೆಯಬೇಕೆಂದು ನಿಶ್ಚಯವಾದಾಗ ಏನನ್ನು ನಿಲ್ಲಿಸಿದರು, ನಿಲ್ಲಿಸಿದವರು ಯಾರು, ಆ ನಿಲ್ಲಿಸಿದ್ದು ತರುವಾಯ ಬಂದ ಜನರಿಗೆ ಏನನ್ನು ಕೊಟ್ಟಿತು ಎಂಬ ಮೂರು ಪ್ರಶ್ನೆಗಳನ್ನು ಪ್ರತಿಯೊಂದು ಸ್ಮಾರಕದ ಮುಂದೆಯೂ ಇಟ್ಟು ನೋಡಬೇಕೆಂಬುದು ನನ್ನ ಆಶಯ.

1831ರಲ್ಲಿ, ನಗರ ಸೀಮೆಯ ದಂಗೆಯ ತರುವಾಯ, ಬ್ರಿಟಿಷರು ಮೈಸೂರಿನ ಆಡಳಿತವನ್ನು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ತೆಗೆದುಕೊಂಡು ಕಮಿಷನರರ ಮೂಲಕ ನಡೆಸತೊಡಗಿದರು. ಆಡಳಿತದ ಕೇಂದ್ರವೂ ಬೆಂಗಳೂರಿಗೆ ಬಂದಿತು. ಕೋಟೆಯೊಳಗಿನ ಟಿಪ್ಪುವಿನ ಅರಮನೆಯಲ್ಲಿ ಇಕ್ಕಟ್ಟಾಗಿ ನಡೆಯುತ್ತಿದ್ದ ಕಚೇರಿಗಳಿಗಾಗಿ 1864ರಲ್ಲಿ ಹೊಸ ಕಟ್ಟಡದ ಕೆಲಸ ಆರಂಭವಾಗಿ 1868ರಲ್ಲಿ ಮುಗಿಯಿತು. ಹದಿನೆಂಟು ಇಲಾಖೆಗಳಿಗೆ ಆಶ್ರಯವಾದ ಆ ಕೆಂಪು ಸೌಧವನ್ನೇ ಜನ ಅಠಾರಾ ಕಚೇರಿಯೆಂದು ಕರೆದರು. ಅದರ ಬೆನ್ನಲ್ಲಿಯೇ, 1870ರಲ್ಲಿ, ಮೈಸೂರಿನ ಮುಖ್ಯ ಎಂಜಿನಿಯರರಾಗಿದ್ದ ರಿಚರ್ಡ್ ಸ್ಯಾಂಕಿಯವರು ಈ ಉದ್ಯಾನವನ್ನು ರೂಪಿಸಿದರು. ಆಗ ಅದರ ವಿಸ್ತಾರ ಸುಮಾರು 100 ಎಕರೆ; ಮುಂದೆ ಅದು ಸುಮಾರು 300 ಎಕರೆಗೆ ಬೆಳೆಯಿತು. ಮೊದಲಿಗೆ ಅದನ್ನು ಆಗಿನ ಹಂಗಾಮಿ ಕಮಿಷನರರ ಹೆಸರಿನಲ್ಲಿ ಮೀಡ್ಸ್ ಪಾರ್ಕ್ ಎಂದು ಕರೆದರು. ಆ ಹೆಸರು ಬಹುಕಾಲ ಉಳಿಯಲಿಲ್ಲ.

ಉದ್ಯಾನದ ಸ್ಥಾನವನ್ನು ಗಮನಿಸದೆ ಅದರ ಪ್ರತಿಮೆಗಳ ಅರ್ಥ ತಿಳಿಯದು. ಅದರ ಪಶ್ಚಿಮಕ್ಕೆ ಕೆಂಪೇಗೌಡರು ಕಟ್ಟಿಸಿದ ಪೇಟೆ. ಪೂರ್ವಕ್ಕೆ 1809ರಿಂದೀಚೆಗೆ ಬೆಳೆದ ದಂಡು ಪ್ರದೇಶ. ಒಂದು ಕಡೆ ಕನ್ನಡ, ತೆಲುಗು, ಮರಾಠಿಗಳನ್ನಾಡುವ ವರ್ತಕರೂ ನೇಕಾರರೂ ಗಾಣಿಗರೂ. ಇನ್ನೊಂದು ಕಡೆ ಸೈನ್ಯ, ಸೈನ್ಯವನ್ನು ಆಶ್ರಯಿಸಿ ಬಂದ ತಮಿಳು ಉರ್ದುಗಳ ಜನ, ಆಂಗ್ಲರ ಬಂಗಲೆಗಳು. 1881ರಲ್ಲಿ ಮೈಸೂರು ಸಂಸ್ಥಾನವನ್ನು ಚಾಮರಾಜೇಂದ್ರ ಒಡೆಯರಿಗೆ ಹಿಂದಿರುಗಿಸಿದಾಗಲೂ ದಂಡು ಪ್ರದೇಶ ಬ್ರಿಟಿಷರ ಅಧೀನದಲ್ಲಿಯೇ ಉಳಿದು, ಸಂಸ್ಥಾನದ ಆಡಳಿತಕ್ಕೆ ಮರಳಿ ಬಂದದ್ದು 1947ರಲ್ಲಿ. ಹೀಗಾಗಿ ಒಂದೇ ಊರೆನ್ನಿಸಿಕೊಂಡರೂ ಎರಡು ಪ್ರಭುತ್ವಗಳಿಗೆ ಒಳಪಟ್ಟಿದ್ದ ಎರಡು ಪಟ್ಟಣಗಳ ನಡುವೆ ಈ ಹಸುರು ಹರಡಿಕೊಂಡಿತ್ತು. ಇಲ್ಲಿ ಯಾವ ಪ್ರತಿಮೆಯನ್ನು ನಿಲ್ಲಿಸಿದರೂ ಅದು ಎರಡು ಪಟ್ಟಣಗಳಿಗೂ ಕಾಣುವಂತೆ ನಿಲ್ಲಿಸಿದ್ದು.

ಇನ್ನು ಮಾರ್ಕ್ ಕಬ್ಬನ್. ಐರಿಷ್ ಸಮುದ್ರದ ನಡುವಣ ಮ್ಯಾನ್ ದ್ವೀಪದಲ್ಲಿ ಹುಟ್ಟಿ, ಮದರಾಸು ಸೈನ್ಯವನ್ನು ಸೇರಿ, 1834ರಿಂದ 1861ರವರೆಗೆ ಮೈಸೂರಿನ ಕಮಿಷನರನಾಗಿದ್ದ ಈ ಅಧಿಕಾರಿ, ಊರಿಗೆ ಮರಳುವ ಪ್ರಯಾಣದಲ್ಲಿಯೇ, 1861ರಲ್ಲಿ ಸೂಯೆಜ್‌ನಲ್ಲಿ ತೀರಿಕೊಂಡ. ಇಪ್ಪತ್ತೇಳು ವರ್ಷಗಳ ಆತನ ಆಡಳಿತದಲ್ಲಿ ರಸ್ತೆಗಳು ಬೆಳೆದವು, ಮಲೆನಾಡಿನಲ್ಲಿ ಕಾಫಿಯ ಬೇಸಾಯ ಹರಡಿತು, ಹಲವು ಸಣ್ಣಪುಟ್ಟ ತೆರಿಗೆಗಳು ರದ್ದಾದವು. ಹಳೆಯ ಆಡಳಿತಕ್ರಮವನ್ನು ಒಮ್ಮೆಲೇ ಕಿತ್ತುಹಾಕದೆ, ದೇಶಭಾಷೆಯ ಲೆಕ್ಕಪತ್ರಗಳನ್ನು ಬಲ್ಲ ನೌಕರರ ಮೂಲಕವೇ ಆತ ಕೆಲಸ ನಡೆಸಿದ. ಪರಪ್ರಭುತ್ವದ ಪ್ರತಿನಿಧಿಯಾಗಿದ್ದನೆಂಬುದನ್ನು ಮರೆಯದೆಯೇ ಆತನ ಈ ವಿವೇಕವನ್ನು ನಾವು ಒಪ್ಪಬಹುದೆಂದು ನನ್ನ ಅಭಿಪ್ರಾಯ.

ಆತನ ಪ್ರತಿಮೆಯನ್ನು ಎರಕ ಹೊಯ್ಯಿಸಿದ ಶಿಲ್ಪಿ ಸಾಮಾನ್ಯನಲ್ಲ. ಟ್ಯೂರಿನ್ ನಗರದಲ್ಲಿ ಹುಟ್ಟಿ, ಪ್ಯಾರಿಸ್ಸಿನಲ್ಲಿಯೂ ಲಂಡನ್ನಿನಲ್ಲಿಯೂ ಖ್ಯಾತಿಯನ್ನು ಪಡೆದು, ವೆಸ್ಟ್‌ಮಿನ್‌ಸ್ಟರ್ ಅರಮನೆಯ ಮುಂದಣ ರಿಚರ್ಡ್ ದೊರೆಯ ಕುದುರೆಯ ಪ್ರತಿಮೆಯನ್ನು ಮಾಡಿದ ಕಾರ್ಲೊ ಮಾರೊಕೆಟ್ಟಿಯೇ ಕಬ್ಬನ್‌ನ ಪ್ರತಿಮೆಯನ್ನೂ ಮಾಡಿದನು. 1866ರಲ್ಲಿ ಅದು ಬೆಂಗಳೂರಿನಲ್ಲಿ ಅನಾವರಣವಾಯಿತು. ಮರುವರ್ಷವೇ ಶಿಲ್ಪಿ ತೀರಿಕೊಂಡ. ಮೊದಲು ದಂಡಿನ ಕವಾಯತು ಮೈದಾನದಲ್ಲಿದ್ದ ಆ ಕುದುರೆ ಸವಾರ ತರುವಾಯ ಅಠಾರಾ ಕಚೇರಿಯ ಆವರಣಕ್ಕೆ ಬಂದು, ಆ ಕಟ್ಟಡ ಉಚ್ಚ ನ್ಯಾಯಾಲಯವಾದ ಮೇಲೂ ಬಹುಕಾಲ ಅಲ್ಲಿಯೇ ಇದ್ದು, 2020ರಲ್ಲಿ ಉದ್ಯಾನದೊಳಕ್ಕೆ ಸ್ಥಳಾಂತರಗೊಂಡಿತು. ಸೈನಿಕರ ಮೈದಾನದಲ್ಲಿದ್ದಾಗ ಆತ ಸೇನಾಧಿಪತಿ. ಕಚೇರಿಯ ಮುಂದೆ ನಿಂತಾಗ ಆಡಳಿತಗಾರ. ಈಗ ಮರಗಳ ನಡುವೆ ನಿಂತಿರುವಾಗ ಚರಿತ್ರೆಯ ಒಬ್ಬ ಪುರುಷ. ಪ್ರತಿಮೆ ಬದಲಾಗಲಿಲ್ಲ, ಅದರ ಅಧಿಕಾರ ಮಾತ್ರ ಒಂದೊಂದು ಸ್ಥಾನಕ್ಕೆ ಒಂದೊಂದು ಬಗೆಯಾಗಿ ಕಂಡಿತು.

ಇದನ್ನು ಇಲ್ಲಿಗೆ ನಿಲ್ಲಿಸಿ ಅರಸೊತ್ತಿಗೆಯ ಪ್ರತಿಮೆಗಳ ಕಡೆಗೆ ತಿರುಗೋಣ. ದಂಡಿನ ಕಡೆಯಿಂದ ಉದ್ಯಾನವನ್ನು ಪ್ರವೇಶಿಸುವವರಿಗೆ ಎದುರಾಗುವುದು ವಿಕ್ಟೋರಿಯಾ ರಾಣಿಯ ಅಮೃತಶಿಲೆಯ ಪ್ರತಿಮೆ. ರಾಣಿ 1901ರಲ್ಲಿ ತೀರಿಕೊಂಡ ಮೇಲೆ ಸಾಮ್ರಾಜ್ಯದ ಊರೂರುಗಳಲ್ಲಿ ಅವಳ ಪ್ರತಿಮೆಗಳನ್ನು ನಿಲ್ಲಿಸುವ ಏರ್ಪಾಡು ನಡೆಯಿತು. ಬೆಂಗಳೂರಿನದಕ್ಕೆ ಸಾರ್ವಜನಿಕರ ವಂತಿಗೆಯೂ ನಾಲ್ವಡಿ ಕೃಷ್ಣರಾಜ ಒಡೆಯರ ಕೊಡುಗೆಯೂ ಸೇರಿದವು. ಶಿಲ್ಪಿ ಲಂಡನ್ನಿನ ಸರ್ ಥಾಮಸ್ ಬ್ರಾಕ್. 1906ನೆಯ ಫೆಬ್ರವರಿ 5ರಂದು, ಆಗ ವೇಲ್ಸ್ ರಾಜಕುಮಾರನಾಗಿ ಭಾರತದಲ್ಲಿ ಪ್ರವಾಸದಲ್ಲಿದ್ದು ಮುಂದೆ ಐದನೆಯ ಜಾರ್ಜ್ ಎಂದು ಪಟ್ಟಕ್ಕೆ ಬಂದ ದೊರೆಮಗ, ತನ್ನ ಅಜ್ಜಿಯ ಈ ಪ್ರತಿಮೆಯನ್ನು ಅನಾವರಣ ಮಾಡಿದ. ಕಿರೀಟ, ನಿಲುವಂಗಿಯ ಭಾರವಾದ ನೆರಿಗೆಗಳು, ಕೈಯಲ್ಲಿ ರಾಜದಂಡ ಮತ್ತು ಭೂಗೋಲ: ಪಟ್ಟವನ್ನೇ ನೋಡಬೇಕು, ವ್ಯಕ್ತಿಯನ್ನಲ್ಲ ಎಂಬಂತಹ ರಚನೆ ಅದು. ಲಿಯೊನಾರ್ಡ್ ಜೆನ್ನಿಂಗ್ಸ್ ಮಾಡಿದ ಏಳನೆಯ ಎಡ್ವರ್ಡನ ಪ್ರತಿಮೆ 1919ರಲ್ಲಿ ಬಂದಿತು. ಅದನ್ನು ಕುರಿತು ಹೆಚ್ಚಾಗಿ ಹೇಳತಕ್ಕುದೇನೂ ಇಲ್ಲ. ಇವೆರಡೂ ಕುಶಲಶಿಲ್ಪಿಗಳ ಕೆಲಸ. ಆದರೆ ಇವುಗಳ ಹಿಂದೆ ಬೆಂಗಳೂರಿನ ಒಂದು ಬೀದಿಯ, ಒಂದು ಕೆರೆಯ, ಒಂದು ಮನೆಯ ನೆನಪೂ ಇಲ್ಲ. ಇವನ್ನು ಇಲ್ಲಿಂದ ಎತ್ತಿ ಸಾಮ್ರಾಜ್ಯದ ಮತ್ತಾವುದೋ ಊರಿನಲ್ಲಿಟ್ಟರೆ ಅರ್ಥದಲ್ಲಿ ಸ್ವಲ್ಪವೂ ವ್ಯತ್ಯಾಸವಾಗದು.

ಸ್ವಾತಂತ್ರ್ಯಾನಂತರ ಇಂತಹ ಪ್ರತಿಮೆಗಳನ್ನು ದೇಶದ ಎಷ್ಟೋ ನಗರಗಳಲ್ಲಿ ಬೀದಿಗಳಿಂದ ತೆಗೆದು ವಸ್ತುಸಂಗ್ರಹಾಲಯಗಳ ಅಂಗಳದಲ್ಲಿಟ್ಟರು. ಮುಂಬಯಿಯಲ್ಲಿ ಹೀಗೆಯೇ ಆಯಿತು. ಬೆಂಗಳೂರಿನಲ್ಲಿ ಇವು ನಿಂತಲ್ಲಿಯೇ ನಿಂತವು. ಇವನ್ನು ಕೆಡವಬೇಕೆಂಬ ವಾದವನ್ನು ನಾನು ಒಪ್ಪುವುದಿಲ್ಲ. ನಾವು ಯಾರ ಅಧೀನದಲ್ಲಿದ್ದೆವು ಎಂಬುದರ ಸಾಕ್ಷ್ಯವನ್ನು ನಾಶಮಾಡಿದರೆ ಆ ಅಧೀನತೆಯ ಕಾಲ ಇರಲಿಲ್ಲವೆಂದಾಗುವುದಿಲ್ಲ. ಮಕ್ಕಳಿಗೆ ಅದನ್ನು ವಿವರಿಸಲು ನಮಗಿದ್ದ ಒಂದು ಆಧಾರ ಮಾತ್ರ ಕಳೆದುಹೋಗುತ್ತದೆ.

ಈಗ ಒಂದು ಸಾವಿರ ವರ್ಷಕ್ಕೂ ಹಿಂದಕ್ಕೆ ಹೋಗಬೇಕಾಗಿದೆ. ಆದರೆ ನಡೆಯಬೇಕಾದ ದೂರ ಅತ್ಯಲ್ಪ. ಉದ್ಯಾನದ ಅಂಚಿನಲ್ಲಿ, ಕಸ್ತೂರಬಾ ರಸ್ತೆಗೆ ಮುಖಮಾಡಿ, 1865ರಲ್ಲಿ ಸ್ಥಾಪಿತವಾದ ಸರಕಾರಿ ವಸ್ತುಸಂಗ್ರಹಾಲಯವಿದೆ. ಬೇಗೂರಿನಿಂದ ತಂದಿಟ್ಟ ಒಂದು ದೊಡ್ಡ ವೀರಗಲ್ಲು ಅದರಲ್ಲಿದೆ. ಗಂಗರ ಎರೆಯಪ್ಪನ ಕಾಲದ್ದು. ಒಂಬತ್ತನೆಯ ಶತಮಾನದ ಕೊನೆಯ ಭಾಗಕ್ಕೆ ವಿದ್ವಾಂಸರು ಅದನ್ನು ಸೇರಿಸುತ್ತಾರೆ. ಕಲ್ಲಿನ ತುಂಬ ಯುದ್ಧ: ಆನೆ, ಕುದುರೆ, ಎತ್ತಿದ ಕತ್ತಿಗಳು, ಕೆಳಗೆ ಬಿದ್ದವರ ದೇಹಗಳು. ಒಂದು ಅಂಗೈಯಗಲದ ಜಾಗವನ್ನೂ ಶಿಲ್ಪಿ ಬರಿದಾಗಿ ಬಿಟ್ಟಿಲ್ಲ. ಕಾಳಗದ ಒತ್ತರವೇ ರಚನೆಯ ಒತ್ತರವಾಗಿದೆ. ಎರೆಯಪ್ಪನ ಆಜ್ಞೆಯಂತೆ ಅಯ್ಯಪದೇವನಿಗೆ ಸಹಾಯವಾಗಿ ಬೀರಮಹೇಂದ್ರನೊಡನೆ ಹೋರಾಡಲು ಹೋದ ನಾಗತ್ತರ, ತುಂಬೆಪಾಡಿಯಲ್ಲಿ ನಡೆದ ಕಾಳಗದಲ್ಲಿ, ಆನೆಗಳನ್ನು ಎದುರಿಸಿ ಕಾದಿ ಸತ್ತನೆಂದು ಶಾಸನ ತಿಳಿಸುತ್ತದೆ.

ನಾನು ನಿಮ್ಮ ಗಮನಕ್ಕೆ ವಿಶೇಷವಾಗಿ ತರಬೇಕೆಂದಿರುವುದು ಶಾಸನದ ಮುಂದಣ ಭಾಗ. ನಾಗತ್ತರನ ಮರಣವನ್ನು ಕೇಳಿದ ಅರಸ, ಅವನ ಪಟ್ಟವನ್ನು ಇರುಗನೆಂಬವನಿಗೆ ಕಟ್ಟಿ, ಬೆಂಪೂರು ಹನ್ನೆರಡನ್ನು, ಎಂದರೆ ಇಂದಿನ ಬೇಗೂರನ್ನೊಳಗೊಂಡ ಹನ್ನೆರಡು ಗ್ರಾಮಗಳ ನಾಡನ್ನು, ವೀರನ ನೆನಪಿನ ಭೂದಾನವಾದ ಕಲ್ನಾಡಾಗಿ ಕೊಟ್ಟನು. ವೀರನ ರೂಪವನ್ನು ಕಲ್ಲಿನಲ್ಲಿ ಕೊರೆದಲ್ಲಿಗೆ ಸ್ಮರಣೆಯ ಕಾರ್ಯ ಮುಗಿಯಲಿಲ್ಲ. ಕಲ್ಲಿನ ಜತೆಯಲ್ಲಿ ನೆಲವೂ, ನೆಲದ ಜತೆಯಲ್ಲಿ ಬೆಳೆಯೂ, ಬೆಳೆಯನ್ನುಣ್ಣುವ ಜೀವಗಳೂ ಇದ್ದರೇನೇ ಸ್ಮಾರಕ ಸ್ಥಿರವಾಯಿತೆಂದು ಆ ಕಾಲದವರು ಭಾವಿಸಿದರು. ಕನ್ನಡನಾಡಿನ ಶಾಸನಗಳನ್ನು ಓದಿದವರಿಗೆ ಇದು ಹೊಸದಲ್ಲ. ತಾಯಿಯ ಹೆಸರಿನಲ್ಲಿ ಕೆರೆ ಕಟ್ಟಿಸಿದವರೂ, ಕೆರೆಯ ಏರಿ ತೂಬುಗಳ ದುರಸ್ತಿಗೆಂದು ಗದ್ದೆಯನ್ನು ಬಿಟ್ಟವರೂ, ದೇವಾಲಯದ ನಂದಾದೀಪಕ್ಕೆ ಗಾಣದ ಎಣ್ಣೆಯನ್ನು ನಿಯಮಿಸಿದವರೂ ಇದೇ ಬುದ್ಧಿಯಿಂದ ನಡೆದುಕೊಂಡರು. ನಾವು ಈ ಸಂಜೆ ಇಲ್ಲಿ ನೆರೆದಿರುವುದಕ್ಕೆ ಕಾರಣವಾದ ದತ್ತಿಯೂ ಆ ಪರಂಪರೆಗೆ ಸೇರಿದ್ದೇ.

ಈ ದೃಷ್ಟಿಯನ್ನಿಟ್ಟುಕೊಂಡು ಶೇಷಾದ್ರಿ ಅಯ್ಯರ್ ಅವರ ಸ್ಮಾರಕಕ್ಕೆ ಬರೋಣ. ನನ್ನ ಉಪನ್ಯಾಸದ ಮುಖ್ಯಭಾಗ ಇದೇ. ಆದುದರಿಂದ ಸ್ವಲ್ಪ ವಿಸ್ತಾರವಾಗಿ ಹೇಳಲು ತಮ್ಮ ಅಪ್ಪಣೆಯನ್ನು ಬೇಡುತ್ತೇನೆ.

ಶೇಷಾದ್ರಿ ಅಯ್ಯರ್ ಅವರು 1845ರಲ್ಲಿ ಪಾಲ್ಘಾಟಿನ ಸೀಮೆಯಲ್ಲಿ ಹುಟ್ಟಿದವರು. 1868ರಲ್ಲಿ, ಮುಂದೆ ದಿವಾನರಾದ ರಂಗಾಚಾರ್ಲು ಅವರ ಆಶ್ರಯದಿಂದ ಮೈಸೂರಿನ ನೌಕರಿಗೆ ಬಂದು, ಅವರ ತರುವಾಯ 1883ರಲ್ಲಿ ದಿವಾನಗಿರಿಯನ್ನು ವಹಿಸಿಕೊಂಡು, ಹದಿನೆಂಟು ವರ್ಷ ಆ ಸ್ಥಾನದಲ್ಲಿದ್ದರು. ಅಷ್ಟು ದೀರ್ಘಕಾಲ ಮೈಸೂರಿನ ದಿವಾನರಾಗಿದ್ದವರು ಆ ಯುಗದಲ್ಲಿ ಬೇರೊಬ್ಬರಿಲ್ಲ. 1894ರಲ್ಲಿ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ ಅಕಾಲಮರಣಕ್ಕೀಡಾಗಿ, ವಾಣೀವಿಲಾಸ ಸನ್ನಿಧಾನದ ಮಹಾರಾಣಿಯವರು ರೀಜೆಂಟರಾಗಿ ರಾಜ್ಯಭಾರವನ್ನು ವಹಿಸಿಕೊಂಡಾಗ, ಆ ಕಷ್ಟಕಾಲದಲ್ಲಿ ಆಡಳಿತದ ಭಾರವೆಲ್ಲ ಇವರ ಮೇಲೆ ಬಿದ್ದಿತು.

ಅವರ ಕಾಲದ ಕೆಲಸಗಳನ್ನೆಲ್ಲ ಹೇಳಹೊರಟರೆ ಈ ಸಂಜೆ ಸಾಲದು. ನೀರನ್ನು ಮಾತ್ರ ತೆಗೆದುಕೊಳ್ಳುತ್ತೇನೆ. ಬೆಂಗಳೂರಿನ ನೆಲದಲ್ಲಿ ದೊಡ್ಡ ನದಿಯಿಲ್ಲ. ಧರ್ಮಾಂಬುಧಿ, ಸಂಪಂಗಿ, ಹಲಸೂರು ಮೊದಲಾದ ಕೆರೆಗಳೂ ಅವುಗಳ ಆಸರೆಯ ಬಾವಿಗಳೂ ಊರಿನ ಜೀವನಾಡಿಗಳು. ಮಳೆ ತಪ್ಪಿದರೆ ಕೆರೆ ತಪ್ಪುತ್ತಿತ್ತು. 1876ರಿಂದ 1878ರವರೆಗಿನ ಮಹಾಕ್ಷಾಮದ ಕಾಲದಲ್ಲಿ ಜನ ಪಟ್ಟ ಪಾಡು ಆಳುವವರ ಮನಸ್ಸಿನಿಂದ ಇನ್ನೂ ಮಾಸಿರಲಿಲ್ಲ. ಊರಿನ ವಾಯವ್ಯಕ್ಕೆ, ಅರ್ಕಾವತಿಯ ಪಾತ್ರದಲ್ಲಿ, ಹೆಸರಘಟ್ಟದ ಕೆರೆಯನ್ನು ಬಲಪಡಿಸಿ ಅಲ್ಲಿಂದ ಕೊಳವೆಗಳ ಮೂಲಕ ಬೆಂಗಳೂರಿಗೆ ನೀರನ್ನು ತರುವ ಯೋಜನೆ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಸಿದ್ಧಿಸಿತು. ಆ ನೀರು ಊರಿಗೆ ಹರಿಯಿತು. ಬೀದಿಯ ನಲ್ಲಿಯಲ್ಲಿ ನೀರು ಬಂದದ್ದರ ಅರ್ಥವನ್ನು ಬಿಂದಿಗೆ ಹೊತ್ತು ಬಾವಿಯ ಸರದಿ ಕಾಯುತ್ತಿದ್ದ ಹೆಂಗಸರು ಬಲ್ಲರು; ಮಡಿ, ಜಾತಿ, ಬೀದಿಗಳ ಕಟ್ಟಿಗೆ ಸಿಕ್ಕಿದ್ದ ನೀರು ಸಾರ್ವಜನಿಕ ವಸ್ತುವಾಗುವ ದಾರಿಯಲ್ಲಿ ಅದೊಂದು ದೊಡ್ಡ ಹೆಜ್ಜೆ.

1898ರಲ್ಲಿ ಪ್ಲೇಗು ಬೆಂಗಳೂರಿಗೆ ಬಂದಿತು. ಪೇಟೆಯ ಇಕ್ಕಟ್ಟಾದ ಓಣಿಗಳಲ್ಲಿ ಅದು ನಡೆಸಿದ ಹಾವಳಿಯಿಂದ, ಗಾಳಿ ಬೆಳಕುಗಳಿಗೆ ಎಡೆಯಿರುವ ಬಡಾವಣೆಗಳ ಅವಶ್ಯಕತೆ ಎಲ್ಲರಿಗೂ ಮನದಟ್ಟಾಯಿತು. ಬಸವನಗುಡಿ, ಮಲ್ಲೇಶ್ವರಗಳು ಆ ವರ್ಷಗಳಲ್ಲಿ ಬೆಳೆದವು. ವಿಕ್ಟೋರಿಯಾ ಆಸ್ಪತ್ರೆ 1900ರಲ್ಲಿ ತೆರೆಯಿತು. ಶಿವನಸಮುದ್ರದ ಜಲಪಾತದಿಂದ ವಿದ್ಯುತ್ತನ್ನು ಪಡೆದು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಒಯ್ಯಬೇಕೆಂಬ ಸಾಹಸಕ್ಕೆ ಒಪ್ಪಿಗೆ ಕೊಟ್ಟು ಹಣ ಒದಗಿಸಿದವರೂ ಇವರೇ. ಅಷ್ಟು ದೂರ ತಂತಿಯ ಮೇಲೆ ವಿದ್ಯುತ್ತನ್ನು ಸಾಗಿಸುವುದು ಆಗ ಪ್ರಪಂಚದಲ್ಲಿಯೇ ಅಪೂರ್ವವಾಗಿತ್ತು. 1902ರಲ್ಲಿ ಯಂತ್ರಗಳು ತಿರುಗತೊಡಗಿದವು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಉರಿದವು. ಶೇಷಾದ್ರಿ ಅಯ್ಯರ್ ಅವರು ಎರಡನ್ನೂ ನೋಡಲಿಲ್ಲ. ಅನಾರೋಗ್ಯದಿಂದ ನಿವೃತ್ತರಾಗಿ 1901ರ ಸೆಪ್ಟೆಂಬರಿನಲ್ಲಿ ತೀರಿಕೊಂಡಿದ್ದರು.

ಇವರ ಕಂಚಿನ ಪ್ರತಿಮೆಯನ್ನು 1913ರಲ್ಲಿ ವೈಸ್‌ರಾಯ್ ಲಾರ್ಡ್ ಹಾರ್ಡಿಂಜ್ ಅವರು ಉದ್ಯಾನದಲ್ಲಿ ಅನಾವರಣ ಮಾಡಿದರು. ಅದುವರೆಗೆ ಬೆಂಗಳೂರಿನಲ್ಲಿ ಇಂತಹ ಗೌರವ ಸಂದಿದ್ದುದು ಕಮಿಷನರಿಗೆ, ಚಕ್ರವರ್ತಿನಿಗೆ. ಈಗ ಅದು ಕಾಗದಪತ್ರಗಳನ್ನು ಓದಿ, ಲೆಕ್ಕ ನೋಡಿ, ಟಿಪ್ಪಣಿ ಬರೆದು ರಾಜ್ಯವನ್ನು ನಡೆಸಿದ ಒಬ್ಬ ದೇಶೀಯ ಮಂತ್ರಿಗೆ ಸಂದಿತು. ಕೈಯಲ್ಲಿ ರಾಜದಂಡವಿಲ್ಲ, ಕೆಳಗೆ ಕುದುರೆಯಿಲ್ಲ. ಅದನ್ನು ನೋಡುವವರು ಮೆಚ್ಚಬೇಕಾದದ್ದು ಹುಟ್ಟನ್ನಲ್ಲ, ಪಟ್ಟವನ್ನಲ್ಲ; ಕೆಲಸವನ್ನು.

ಪ್ರತಿಮೆಯೊಡನೆ ಒಂದು ಭವನವೂ ಎದ್ದಿತು. ಕಂಬಗಳ ಸಾಲಿನ, ಕೆಂಪು ಬಣ್ಣದ ಆ ಸ್ಮಾರಕ ಭವನ 1915ರ ವೇಳೆಗೆ ಸಾರ್ವಜನಿಕ ಪುಸ್ತಕಾಲಯಕ್ಕೆ ಮನೆಯಾಯಿತು. ಎಂ. ವಿಶ್ವೇಶ್ವರಯ್ಯನವರು ಆಗ ದಿವಾನರು. 1913ರಲ್ಲಿ ಮೈಸೂರು ಬ್ಯಾಂಕು, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ವಿಶ್ವವಿದ್ಯಾನಿಲಯ ಹೀಗೆ ಒಂದರ ಹಿಂದೆ ಒಂದು ಸಂಸ್ಥೆ ತಲೆಯೆತ್ತುತ್ತಿದ್ದ ಕಾಲ ಅದು. ಒಬ್ಬ ದಿವಾನರ ನೆನಪಿಗೆಂದು ಎದ್ದ ಸೌಧದಲ್ಲಿ ಊರಿನ ಯಾರು ಬೇಕಾದರೂ ಬಂದು ಕುಳಿತು ಓದಬಹುದೆಂಬ ಏರ್ಪಾಡು ನಡೆದಾಗ, ಬೇಗೂರಿನ ಕಲ್ಲಿನ ಜತೆಯಲ್ಲಿ ಹನ್ನೆರಡು ಹಳ್ಳಿಗಳನ್ನು ಬಿಟ್ಟ ಹಳೆಯ ಧರ್ಮವೇ ಹೊಸ ರೂಪದಲ್ಲಿ ನಡೆಯಿತೆಂದು ನಾನು ತಿಳಿಯುತ್ತೇನೆ. ಅದನ್ನು ಮಾಡಿದವರಿಗೆ ವೀರಗಲ್ಲಿನ ನೆನಪಿತ್ತೆಂದು ನಾನು ಹೇಳುತ್ತಿಲ್ಲ. ನೆನಪಿಲ್ಲದೆಯೂ ಒಂದು ನಾಡಿನ ಸಂಸ್ಕಾರ ಅದರ ಜನರ ಕೈಯಿಂದ ಇಂತಹ ಕೆಲಸ ಮಾಡಿಸುವುದುಂಟು.

ಆ ಭವನ ಇಂದು ರಾಜ್ಯ ಕೇಂದ್ರ ಗ್ರಂಥಾಲಯ. ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿ ಬಂದು ನೋಡಬೇಕು. ದಿನಪತ್ರಿಕೆಗಳ ಮೇಜಿನ ಸುತ್ತ ವೃದ್ಧರು. ಸ್ಪರ್ಧಾಪರೀಕ್ಷೆಗಳಿಗೆ ಓದಲು ಊಟದ ಡಬ್ಬಿಯೊಡನೆ ಬಂದು ಸಂಜೆಯವರೆಗೆ ಕದಲದ ಹುಡುಗ ಹುಡುಗಿಯರು, ಬಾಡಿಗೆಯ ಕೋಣೆಯಲ್ಲಿ ಓದಲು ಮೇಜಿಲ್ಲದವರು. ಕಣ್ಣಿಲ್ಲದ ಓದುಗರಿಗಾಗಿ ಬ್ರೈಲ್ ಲಿಪಿಯ ಪುಸ್ತಕಗಳ ಸಂಗ್ರಹ. ಸರಕಾರಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಆಡಳಿತಕ್ಕೆ ಸೇರಬೇಕೆಂದು ಓದುತ್ತಿರುವ ಆ ತರುಣರಿಗೆ, ಮೈಸೂರಿನಲ್ಲಿ ಸಿವಿಲ್ ಸರ್ವಿಸಿಗೆ ಸ್ಪರ್ಧಾಪರೀಕ್ಷೆ ಮೊದಲಾದದ್ದು 1891ರಲ್ಲಿ, ಇವರು ಯಾರ ಸ್ಮಾರಕದಲ್ಲಿ ಕುಳಿತಿದ್ದಾರೋ ಆ ದಿವಾನರ ಕಾಲದಲ್ಲಿಯೇ ಎಂಬುದನ್ನು ಯಾರಾದರೂ ತಿಳಿಸಬೇಕು.

ಉದ್ಯಾನದ ಮತ್ತೊಂದು ಪ್ರತಿಮೆಯನ್ನು ಹೆಸರಿಸದೆ ಬಿಡಲಾಗದು. 1927ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ರಜತೋತ್ಸವದ ವರ್ಷ, ಅವರ ತಂದೆ ಚಾಮರಾಜೇಂದ್ರ ಒಡೆಯರ ಪ್ರತಿಮೆ ಇಲ್ಲಿ ಸ್ಥಾಪಿತವಾಗಿ, ಉದ್ಯಾನಕ್ಕೂ ಶ್ರೀ ಚಾಮರಾಜೇಂದ್ರ ಉದ್ಯಾನವೆಂದು ನಾಮಕರಣವಾಯಿತು. ಕಡತಗಳಲ್ಲಿ ಆ ಹೆಸರಿದೆ. ಜನರ ಬಾಯಲ್ಲಿ ಕಬ್ಬನ್ ಪಾರ್ಕೇ ಉಳಿಯಿತು. ನೀರಿನ ಯೋಜನೆಯೂ ಪ್ರಜಾಪ್ರತಿನಿಧಿ ಸಭೆಯೂ ಬಂದದ್ದು ಯಾವ ದೊರೆಯ ಕಾಲದಲ್ಲಿಯೋ ಆ ದೊರೆಯ ಹೆಸರು ಹೀಗೆ ಹಿಂದೆ ಬಿದ್ದದ್ದಕ್ಕೆ ನನಗೆ ವ್ಯಥೆಯಿದೆ.

ಕಟ್ಟಕಡೆಯದಾಗಿ, ಈ ಸ್ಮಾರಕಗಳ ಪೋಷಣೆಯನ್ನು ಕುರಿತು ನಾಲ್ಕು ಮಾತು. ಕಂಚಿನ ಪ್ರತಿಮೆ ಹೊರಗೆ ಗಟ್ಟಿಯಾಗಿ ಕಂಡರೂ ಒಳಗೆ ಪೊಳ್ಳು. ಎರಕದ ಭಾಗಗಳನ್ನು ಬೆಸೆದು ಮಾಡಿದ್ದು. ಮಳೆಯ ನೀರು ಹರಿದಲ್ಲಿ ತಾಮ್ರ ಕರಗಿ ಹಸುರು ಗೀರುಗಳು ಮೂಡುತ್ತವೆ. ನೀರು ತಾಗದ ಮಡಿಕೆಗಳಲ್ಲಿ ಹೊಗೆಯೂ ಧೂಳೂ ಕೂತು ಕರ್ರಗಾಗುತ್ತದೆ. ಹಕ್ಕಿಗಳ ಹಿಕ್ಕೆಯಲ್ಲಿರುವ ಆಮ್ಲ ಲೋಹವನ್ನು ಚುಕ್ಕೆ ಚುಕ್ಕೆಯಾಗಿ ತಿನ್ನುತ್ತದೆ. ಬಲ್ಲವರು ಇದನ್ನು ಮೃದುವಾಗಿ ತೊಳೆದು, ಒಣಗಿಸಿ, ತೆಳುವಾಗಿ ಮೇಣ ಹಚ್ಚುತ್ತಾರೆ. ಅರಿಯದವರು ಉಜ್ಜಿ ಹೊಳಪು ತರುತ್ತಾರೆ, ಇಲ್ಲವೆ ಬಣ್ಣ ಬಳಿಯುತ್ತಾರೆ. ಎರಡೂ ಶಿಲ್ಪಿಯ ಕೈಯ ಗುರುತನ್ನು ಅಳಿಸುತ್ತವೆ. ಅಮೃತಶಿಲೆ ಇನ್ನೂ ಸುಕುಮಾರ: ವಾಹನಗಳ ಹೊಗೆ ಬೆರೆತ ಮಳೆಗೆ ಅದರ ಮೈ ಸಕ್ಕರೆಯಂತೆ ಹರಳುಹರಳಾಗಿ ಉದುರುತ್ತದೆ. ಬೇಗೂರಿನ ಕಲ್ಲಿಗೆ ಈಗ ತಲೆಯ ಮೇಲೊಂದು ಸೂರಿದೆ. ಬಯಲಲ್ಲಿ ನಿಂತವಕ್ಕೆ ವರ್ಷವರ್ಷವೂ ತಜ್ಞರ ಕೈ ಬೇಕು, ಅದಕ್ಕೆ ಬೇಕಾದ ಹಣ ಪ್ರತ್ಯೇಕವಾಗಿ ನಿಗದಿಯಾಗಬೇಕು.

ಒಂದೊಂದು ಪೀಠದ ಬಳಿಯಲ್ಲಿಯೂ ಕನ್ನಡದಲ್ಲಿ ಒಂದು ಫಲಕವಿರಲಿ ಎಂಬುದು ನನ್ನ ಇನ್ನೊಂದು ಬಿನ್ನಹ. ಬಿರುದಾವಳಿ ಬೇಡ. ಈತ ಯಾರು, ಯಾವ ವರ್ಷದಿಂದ ಯಾವ ವರ್ಷದವರೆಗೆ ಏನು ಮಾಡಿದ, ಪ್ರತಿಮೆಯನ್ನು ಮಾಡಿದವರು ಯಾರು, ಹಣ ಎಲ್ಲಿಂದ ಬಂದಿತು, ಮೊದಲು ಎಲ್ಲಿ ನಿಂತಿತ್ತು ಎಂಬಷ್ಟನ್ನು ಶಾಲೆಯ ಮಗು ನಿಂತು ಓದುವಂತೆ ಬರೆಸಿದರೆ ಸಾಕು. ವಸ್ತುಸಂಗ್ರಹಾಲಯದ ವೀರಗಲ್ಲಿನಿಂದ ಹೊರಟು, ಶೇಷಾದ್ರಿ ಅಯ್ಯರ್ ಅವರ ಪ್ರತಿಮೆಯ ಮುಂದೆ ನಿಂತು, ಗ್ರಂಥಾಲಯದ ಒಳಹೊಕ್ಕು ಬರುವಂತೆ ಉಪಾಧ್ಯಾಯರು ಮಕ್ಕಳನ್ನು ಒಂದು ಮುಂಜಾನೆ ಕರೆದೊಯ್ಯಬಹುದು. ಈ ಸಂಸ್ಥೆಯೇ ಮೊದಲು ಈ ಕೆಲಸವನ್ನು ಕೈಗೆತ್ತಿಕೊಂಡರೆ, ಫಲಕಗಳ ಬರಹವನ್ನು ಸಿದ್ಧಪಡಿಸುವುದರಲ್ಲಿ ನನ್ನ ಶಕ್ತಿಮೀರಿ ಸಹಾಯ ಮಾಡಲು ನಾನು ಸಿದ್ಧನಿದ್ದೇನೆ.